ಚಿಕ್ಕೀರಪ್ಪ ಕಂಡ ಫೋಟೊ

ದೊಡ್ಡಉಳ್ಳಾರ್ತಿಯಲ್ಲಿ ಕಣ್ಣಿನ ಮಾತು ಬಂದರೆ ಚಿಕ್ಕೀರಪ್ಪನ ಹೆಸರು ಬಾರದೆ ಇರುತ್ತಿರಲಿಲ್ಲ. ಪ್ರಾಯದಲ್ಲಿ ಅವನು ಊರ ಕುರಿ ಮೇಯುವ ಕಾವಲಿನ ದಿಬ್ಬದ ಮೇಲೆ ನಿಂತು, ಆ ತುದಿಯ ಜಾಲಿಮರದ ಬುಡದಲ್ಲಿ ಮಲಗಿರುವುದು ನಾಯಿಯೋ ತೋಳವೋ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದಿಲ್ಲ. ಪಕ್ಕದೂರಿನವರ ಕುರಿ ತಪ್ಪಿಸಿಕೊಂಡರೂ, "ಚಿಕ್ಕೀರಪ್ಪನ್ನ ದಿಬ್ಬ ಹತ್ತಿಸ್ರಿ, ಅವ್ನು ಹುಡುಕಿಕೊಡ್ತಾನೆ" ಅನ್ನುತ್ತಿದ್ದರು. ಈಗ ವಯಸ್ಸಾಗಿತ್ತು. ಕಾವಲಿಗೆ ಅಡ್ಡಲಾಗಿ ಉದ್ದಾನುದ್ದ ಗೋಡೆ ಎದ್ದು, ಅದರಾಚೆ ಸಂಶೋಧನೆಯ ದೊಡ್ಡ ದೊಡ್ಡ ಕಟ್ಟಡಗಳು ಬಂದಿದ್ದವು. ಚಿಕ್ಕೀರಪ್ಪನ ಎರಡೂ ಕಣ್ಣಿಗೆ ಮಜ್ಜಿಗೆ ಚೆಲ್ಲಿದಂಥ ಮಬ್ಬು ಕವಿದಿತ್ತು. ಗೋಡೆಯ ಸಂಗತಿ ಊರಿಗೆಲ್ಲ ಗೊತ್ತು, ಮಬ್ಬಿನ ಸಂಗತಿ ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ.

ಊರಿಗೆ ಅದೂ ಗೊತ್ತಿತ್ತು. ಹೆಂಡತಿ ಪಾಲಮ್ಮ ಊಟದ ತಟ್ಟೆಯನ್ನು ಅವನ ಬಲಗೈಗೆ ತಾಗುವಂತೆಯೇ ಇಡುತ್ತಿದ್ದಳು. ಎದುರಿಗೆ ಬಂದವರು, "ಏನ್ ಚಿಕ್ಕೀರಪ್ಪಣ್ಣ, ನಾನು ಕಾಟಪ್ಪ" ಎಂದು ತಾವಾಗಿಯೇ ಹೆಸರು ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು. "ನಂಗೇನು ಕಾಣಲ್ವೇನ್ಲೇ? ಅಲ್ಲಿಂದ್ಲೇ ಗುರ್ತು ಹಿಡ್ದೆ" ಅನ್ನುತ್ತಿದ್ದ ಚಿಕ್ಕೀರಪ್ಪ. ಕುರಿಗಳನ್ನು ನಿಜವಾಗಿ ಮೇಯಿಸುತ್ತಿದ್ದದ್ದು ಅವನ ಕರಿ ನಾಯಿ. ಸಂಜೆ ಅದು ಹಿಂಡನ್ನು ರೊಪ್ಪಕ್ಕೆ ಹೊಡೆದು ತರುವಾಗ, ಇವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅದರ ಹಿಂದೆಯೇ ಬರುತ್ತಿದ್ದ. ದೂರದಿಂದ ನೋಡಿದವರಿಗೆ ಇವನೇ ನಾಯಿಯನ್ನು ನಡೆಸುವಂತೆ ಕಾಣುತ್ತಿತ್ತು.

ಮಗ ನಾಗಭೂಷಣನಿಗೆ ಗೋಡೆಯಾಚೆಯ ಕ್ಯಾಂಪಸ್ಸಿನಲ್ಲಿ ಗುತ್ತಿಗೆ ಕೆಲಸ. ಅಪ್ಪ ಕುರಿ ಮೇಯಿಸುತ್ತಿದ್ದ ಜಾಗದಲ್ಲೇ ಹುಲ್ಲುಹಾಸಿಗೆ ನೀರು ಬಿಡುವುದು, ಅದನ್ನು ಯಾವ ಕುರಿಯೂ ಮುಟ್ಟದಂತೆ ನೋಡಿಕೊಳ್ಳುವುದು. ಸೊಸೆ ಮಾಲತಿ ರಾಂಪುರದವಳು. ತವರಿನಲ್ಲಿ ತೆಲುಗು, ಇಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿಕೊಂಡು ಬರುತ್ತಿದ್ದವು. ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವ ಮಾತು ನಡೆದಿರುವಾಗಲೇ, ಏಳನೇ ತಿಂಗಳಿಗೆ ನೋವು ಕಾಣಿಸಿಕೊಂಡು ದುರ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು ಕೂಸು. ತೂಕ ಒಂದೂಕಾಲು ಕಿಲೋ.

ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂಗಿಗೆ ಆಕ್ಸಿಜನ್ ನಳಿಕೆ, ಮೇಲೆ ನೀಲಿ ದೀಪ. ಚಿಕ್ಕೀರಪ್ಪ ಕಿಟಕಿಗೆ ಮೂಗು ಒತ್ತಿ ನಿಂತ. ಅವನಿಗೆ ಕಂಡದ್ದು ಒಂದು ನೀಲಿ ಮಬ್ಬು. ಅಷ್ಟು ದೂರ ಬಂದು ಏನೂ ಹೇಳದೆ ಹೋಗುವುದು ಹೇಗೆ?

"ನೋಡ್ರಿ, ನನ್ನ ಕಣ್ಣೇ ಬಂದಾವೆ" ಅಂದ.

ಪಕ್ಕದಲ್ಲಿದ್ದ ನರ್ಸು, "ಅಜ್ಜ, ಬೆಳಕು ಬೀಳಬಾರ್ದು ಅಂತ ಅವನ ಕಣ್ಣಿಗೆ ಪಟ್ಟಿ ಕಟ್ಟೀವಿ" ಅಂದಳು.

"ಪಟ್ಟಿ ಕಟ್ಟಿದ್ರೇನಮ್ಮ, ಗೊತ್ತಾಗಲ್ವಾ?" ಎಂದು ಚಿಕ್ಕೀರಪ್ಪ ಹೊರಗೆ ನಡೆದ.

ಕೂಸು ಉಸಿರು ಹಿಡಿದುಕೊಂಡಿತು, ನಿಧಾನವಾಗಿ ಹಾಲು ಕುಡಿಯಲೂ ಕಲಿಯಿತು. ಮನೆಗೆ ಕಳಿಸುವ ದಿನ ಮಕ್ಕಳ ಡಾಕ್ಟರು ಮಾಲತಿಯನ್ನು ಕೂರಿಸಿಕೊಂಡು ಎರಡೇ ಮಾತು ಹೇಳಿದರು. ಒಂದು, ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಹಾಲು ಬರಬೇಕಾದರೆ ತಾಯಿ ಹೊಟ್ಟೆ ತುಂಬ ತಿನ್ನಬೇಕು. ಎರಡು, ಕಣ್ಣು. ದಿನ ತುಂಬುವ ಮುಂಚೆ ಹುಟ್ಟಿದ ಕೂಸಿನ ಕಣ್ಣೊಳಗೆ ರಕ್ತನಾಳಗಳು ಇನ್ನೂ ಅರ್ಧ ದಾರಿಯಲ್ಲಿರುತ್ತವೆ. ಆಕ್ಸಿಜನ್ ಕೊಟ್ಟ ಕೂಸಿಗೆ, ಹುಟ್ಟಿದ ಮೇಲೆ ತೂಕ ಏರದ ಕೂಸಿಗೆ, ಅವು ದಾರಿ ತಪ್ಪಿ ಬೆಳೆಯುವ ಅಪಾಯ ಹೆಚ್ಚು. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕಣ್ಣು ಹೋಗಿರುತ್ತದೆ.

"ಗುರುವಾರ ಗುರುವಾರ ಚಳ್ಳಕೆರೆಗೆ ಕ್ಯಾಮೆರಾ ತಗೊಂಡು ಬರ್ತಾರೆ. ತಿಂಗಳು ತುಂಬೋದ್ರೊಳಗೆ ತೋರಿಸ್ಲೇಬೇಕು, ಮರೀಬೇಡಮ್ಮ" ಅಂದರು.

ಮಾಲತಿ ಮರೆಯಲಿಲ್ಲ. ಮನೆಗೆ ಬಂದ ಮೇಲೆ ಅವಳ ಮಾತು ನಡೆಯುವ ಹಾಗಿರಲಿಲ್ಲ, ಅಷ್ಟೆ. ಪಾಲಮ್ಮ ತನ್ನ ಮಕ್ಕಳನ್ನೆಲ್ಲ ಹಡೆದದ್ದು, ಸಾಕಿದ್ದು ಒಂದೇ ಪಥ್ಯದ ಮೇಲೆ. ಬಾಣಂತಿಗೆ ಎರಡು ಹೊತ್ತು ಗಟ್ಟಿ ಅನ್ನ, ಮೇಲೊಂದಿಷ್ಟು ಬೆಳ್ಳುಳ್ಳಿ-ಮೆಣಸಿನ ಪುಡಿ. ಸೊಪ್ಪು ತಂಪು, ಮೊಸರು ಶೀತ, ಮೊಟ್ಟೆ ಕೂಸಿಗೆ ಅಜೀರ್ಣ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ. ಪಾಲಮ್ಮನಿಗೆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ. ಪ್ರೀತಿಯಿಂದಲೇ, ತಾನೇ ಒಲೆಯ ಮುಂದೆ ಕೂತು ಮಾಡಿ, ಅಳತೆಯಿಟ್ಟು ಬಡಿಸುತ್ತಿದ್ದಳು.

ಅದೇ ವಾರ ರೊಪ್ಪದಲ್ಲಿ ಒಂದು ಕುರಿ ಈದಿತ್ತು. ಚಿಕ್ಕೀರಪ್ಪ ಬೆಳಗಾದರೆ ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತಿದ್ದ. ಜಾಲಿಕಾಯಿ ಆರಿಸಿ ತಂದು ಮುಂದೆ ಸುರಿಯುತ್ತಿದ್ದ. ಬೂಸಾ ಕಲಸಿದ ನೀರನ್ನು ಬಕೆಟ್ಟುಗಟ್ಟಲೆ ಕುಡಿಸುತ್ತಿದ್ದ. "ಈದ ಕುರಿಗೆ ಮೇವಿಲ್ದಿದ್ರೆ ಹಾಲು ಏನು ಆಕಾಶದಿಂದ ಇಳೀತೈತಾ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಿದ್ದ ಮಾಲತಿಗೆ ಆ ಹುರುಳಿಯ ಘಮ ಬಂದರೆ ಬಾಯಲ್ಲಿ ನೀರೂರುತ್ತಿತ್ತು.

ಕೂಸನ್ನು ನೋಡಲು ಆಶಾ ಕಾರ್ಯಕರ್ತೆ ಗೀತಮ್ಮ ತಕ್ಕಡಿ ಹಿಡಿದುಕೊಂಡು ಬಂದಳು. ತೂಗಿ ನೋಡಿ ಅವಳ ಮುಖ ಸಣ್ಣಗಾಯಿತು. "ಆಸ್ಪತ್ರೆಯಿಂದ ಬಂದಾಗ ಎಷ್ಟಿತ್ತೋ ಈಗ್ಲೂ ಅಷ್ಟೇ ಐತಲ್ಲಮ್ಮ. ಒಂದಿಷ್ಟಾದ್ರೂ ಏರಬೇಕಿತ್ತು. ಹಾಲು ಸಾಲ್ತಿಲ್ಲ."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಚಿಕ್ಕೀರಪ್ಪನಿಗೆ ಅದು ಕೇಳಿಸಿತು. ಒಳಗೆ ಬಂದು, "ತೂಕದ ಮಾತು ನಂಗೆ ಹೇಳ್ತೀಯೇನಮ್ಮ ಗೀತಮ್ಮ? ಟಗರಿನ ಸೊಂಟ ಮುಟ್ಟಿ ತೂಕ ಹೇಳೋನು ನಾನು. ಕೊಡಿಲ್ಲಿ ಕೂಸ್ನ" ಅಂದ. ಪಾಲಮ್ಮ ಕೂಸಿಗೆ ಬಟ್ಟೆ ಸುತ್ತಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಹಳೆ ಸೀರೆ, ಅದರ ಮೇಲೆ ಕಂಬಳಿ ಸುತ್ತಿ ಅವನ ಕೈಗಿಟ್ಟಳು. ಚಿಕ್ಕೀರಪ್ಪ ಎರಡು ಸಲ ಮೇಲೆ ಕೆಳಗೆ ತೂಗಿದ. "ಒಳ್ಳೆ ಗುಂಡುಕಲ್ಲು! ನಿನ್ನ ತಕ್ಕಡಿ ರಿಪೇರಿ ಮಾಡ್ಸು."

"ತಕ್ಕಡಿ ಸರಿ ಐತೆ ಮಾವ" ಎಂದು ಗೀತಮ್ಮ ಬಿಡದೆ ಹೇಳಿದಳು. "ಹೋಗ್ಲಿ, ಗುರುವಾರ ಕಣ್ಣಾದ್ರೂ ತೋರಿಸ್ರಿ. ಇದು ಕೊನೇ ಗುರುವಾರ, ಆಮೇಲೆ ತಿಂಗಳು ದಾಟ್ತೈತೆ."

"ಮಾತೇ ಬರದ ಕೂಸಿಗೆ ಕಣ್ಣಿನ ಪರೀಕ್ಷೆ! ಗೋಡೆ ಮೇಲೆ ಅಕ್ಷರ ಓದಿಸ್ತಾರಾ ಇವನ ಕೈಲಿ? ಹಸಿ ಬಾಣಂತಿ, ಹಸಿ ಕೂಸು, ಗಾಳಿ ತಾಗಿದ್ರೆ ನೀನು ಬರ್ತೀಯಾ? ಮೂರು ತಿಂಗಳು ತುಂಬೋವರ್ಗೂ ಇವ್ರು ಹೊಸ್ತಿಲು ದಾಟಂಗಿಲ್ಲ."

ಬಾಯಲ್ಲಿ ಬಂದದ್ದು ಗಾಳಿಯ ಮಾತು. ಒಳಗಿದ್ದದ್ದು ಬೇರೆ. ಕಣ್ಣಿನ ಡಾಕ್ಟರು ಅಂದರೆ ಚಿಕ್ಕೀರಪ್ಪನಿಗೆ ಹೆದರಿಕೆ. ಹೋದ ವರ್ಷ ಶಾಲೆಯಲ್ಲಿ ಕಣ್ಣಿನ ಶಿಬಿರ ಇಟ್ಟಾಗ ಅವನು ಬೀಗರನ್ನು ನೋಡುವ ನೆಪ ಹೇಳಿ ರಾಂಪುರದ ಬಸ್ಸು ಹತ್ತಿದ್ದ. ಅವರು ಟಾರ್ಚು ಬಿಟ್ಟು, "ಅಜ್ಜ, ನಿಂಗೇನೂ ಕಾಣಲ್ಲ" ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ? ಆಮೇಲೆ ಅವನು ಯಾರು? ಅವನನ್ನು ದಿಬ್ಬ ಹತ್ತಿಸುವವರು ಯಾರು?

ಮಾಲತಿ ಆ ರಾತ್ರಿ ಗಂಡನಿಗೆ ಹೇಳಿ ನೋಡಿದಳು. ನಾಗಭೂಷಣ ಮೃದು ಮನುಷ್ಯ. ಹೆಂಡತಿಯ ಮಾತಿಗೂ ತಲೆಯಾಡಿಸಿದ, ಅಮ್ಮನ ಮಾತಿಗೂ ತಲೆಯಾಡಿಸಿದ. ಕೊನೆಗೆ, "ಅಪ್ಪಯ್ಯ ಹೆಂಗಂತಾನೋ ಹಂಗೆ" ಎಂದು ಮಗ್ಗುಲು ಬದಲಿಸಿದ.

ಗುರುವಾರ ಬೆಳಗಾಗುತ್ತಲೇ ರೊಪ್ಪದಲ್ಲಿ ಗದ್ದಲ. ಚಿಕ್ಕೀರಪ್ಪ ಬೀಜದ ಟಗರು ಮಾಡಬೇಕೆಂದು ಆಸೆಯಿಟ್ಟು ಸಾಕಿದ್ದ ಮರಿಯೊಂದು ಹೊಟ್ಟೆ ಉಬ್ಬಿ, ಕಾಲು ಚಾಚಿ ಬಿದ್ದಿತ್ತು. ಚಳ್ಳಕೆರೆಯ ದನದ ಆಸ್ಪತ್ರೆಗೆ ಒಯ್ಯಲು ಕಾಟಪ್ಪನ ಲಗೇಜ್ ಆಟೊ ಮನೆ ಮುಂದೆ ಬಂದು ನಿಂತಿತು. ಚಿಕ್ಕೀರಪ್ಪ ಮರಿಯನ್ನು ಎತ್ತಿ ತಂದು, ಬೆಚ್ಚಗೆ ಕಂಬಳಿ ಹೊದಿಸಿ, ಹಿಂದುಗಡೆ ಹುಲ್ಲಿನ ಮೇಲೆ ಮಲಗಿಸಿ, ತಾನೂ ಹತ್ತಿ ಕೂತ. ಆಗ ಮಾಲತಿ ತಲೆಗೆ ಸೆರಗು ಬಿಗಿದು, ಕೂಸನ್ನು ಎದೆಗವುಚಿಕೊಂಡು ಹೊರಗೆ ಬಂದಳು. ಬಂದವಳೇ ಆಟೊ ಹತ್ತಿ, ಮರಿಯ ಪಕ್ಕದಲ್ಲಿ ಕೂತುಬಿಟ್ಟಳು.

"ಎಲ್ಲಿಗಮ್ಮ?" ಅಂದ ಚಿಕ್ಕೀರಪ್ಪ.

"ಚಳ್ಳಕೆರೆಗೆ. ಕೂಸಿನ ಕಣ್ಣು ತೋರಿಸಾಕೆ."

"ಗಾಳಿ ತಾಗ್ತೈತೆ, ಇಳಿ!"

"ಮರಿಗೆ ತಾಗಲ್ವಾ ಮಾವ?"

"ಅದಕ್ಕೆ ಕಂಬಳಿ ಹೊದಿಸೀನಿ."

"ದೊಡ್ ಕಂಬಳಿ ಐತಲ್ಲ, ನಮ್ಮ ಕಡೆಗೂ ಒಂಚೂರು ಸರಿಸ್ರಿ."

ಒಳಗಿನಿಂದ ಪಾಲಮ್ಮ ಕೂಗುತ್ತ ಓಡಿ ಬಂದಳು. ಮಾಲತಿ ಜಗ್ಗಲಿಲ್ಲ. "ಈದ ಕುರಿಗೆ ಹುರುಳಿ, ಹಡೆದ ಸೊಸೆಗೆ ಮೆಣಸಿನ ಪುಡಿ. ಕುರಿಮರಿಗೆ ಆಸ್ಪತ್ರಿ, ನನ್ನ ಕೂಸಿಗೆ ಹೊಸ್ತಿಲು. ಇದೇಂ ನ್ಯಾಯಂ ಅತ್ತಾ? ನಾನೂ ನಾಲ್ಕು ಕಾಲಲ್ಲಿ ನಡೀಬೇಕಿತ್ತು ನೋಡ್ರಿ ಈ ಮನೇಲಿ!"

ಸ್ಟೇರಿಂಗ್ ಹಿಡಿದಿದ್ದ ಕಾಟಪ್ಪ ಕಿಸಕ್ಕನೆ ನಕ್ಕುಬಿಟ್ಟ. ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. ಮರಿ ಒಂದು ಸಲ ನರಳಿತು. ಜಗಳವಾಡುತ್ತ ಕೂತರೆ ಮರಿ ಸಾಯುತ್ತದೆ. ಚಿಕ್ಕೀರಪ್ಪ ಹಲ್ಲು ಕಚ್ಚಿಕೊಂಡು, "ಹೊಡಿಯೋ ಗಾಡಿ" ಅಂದ. ಊರು ದಾಟಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಕಂಬಳಿಯ ಒಂದು ತುದಿಯನ್ನು ಸೊಸೆಯ ಕಡೆಗೆ ತಳ್ಳಿದ.

ಚಳ್ಳಕೆರೆಯಲ್ಲಿ ದನದ ಡಾಕ್ಟರು ಮೀಟಿಂಗಿಗೆ ಹೋಗಿದ್ದರು, ಮಧ್ಯಾಹ್ನದ ಮೇಲೆ ಬರುತ್ತಾರಂತೆ. ಕಾಟಪ್ಪ ಮರಿಯ ಬಳಿ ಕಾವಲು ಕೂತ. ಇಷ್ಟು ಹೊತ್ತು ಏನು ಮಾಡುವುದು, ಬಿಸಿಲು ಬೇರೆ, ಅನ್ನುತ್ತ ಚಿಕ್ಕೀರಪ್ಪ ಮನುಷ್ಯರ ಆಸ್ಪತ್ರೆಯ ನೆರಳಿಗೆ ಬಂದ. ಬಂದವನ ಕೈಗೆ ಮಾಲತಿ ಕೂಸನ್ನು ಕೊಟ್ಟು ಚೀಟಿ ಮಾಡಿಸಲು ಹೋದಳು.

ಸೆಖೆಗೆಂದು ಅವಳು ಕೂಸಿಗೆ ಸುತ್ತಿದ್ದ ಸ್ವೆಟರು, ಹಳೆ ಸೀರೆ, ಕಂಬಳಿ ಎಲ್ಲ ಬಿಚ್ಚಿದ್ದಳು. ಚಿಕ್ಕೀರಪ್ಪ ಮೊದಲ ಸಲ ಕೂಸನ್ನೇ ಎತ್ತಿಕೊಂಡಿದ್ದ. ಕೈಯಲ್ಲಿ ಏನೂ ಇಲ್ಲ ಅನ್ನಿಸಿತು. ಬೆರಳಾಡಿಸಿ ನೋಡಿದ. ಪಕ್ಕೆಲುಬು ಒಂದೊಂದೂ ಸಿಕ್ಕಿತು. ಸೊಂಟ ಮುಟ್ಟಿದ, ತೊಡೆ ಮುಟ್ಟಿದ, ಚರ್ಮ ಸಡಿಲವಾಗಿ ಬೆರಳಿಗೆ ಬಂತು. ಇಂಥ ಮರಿ ರೊಪ್ಪದಲ್ಲಿ ಹುಟ್ಟಿದ್ದರೆ ಅವನು ಬೇರೇನನ್ನೂ ನೋಡದೆ ತಾಯಿ ಕುರಿಯ ಮೇವು ನೋಡುತ್ತಿದ್ದ. ಮಾಲತಿ ವಾಪಸು ಬಂದಾಗ, "ನೀರು ಕುಡಿದೇನಮ್ಮ?" ಎಂದು ಕೇಳಿದ. ಅವಳಿಗೆ ಅದು ಬೈಗುಳವೋ ಉಪಚಾರವೋ ತಿಳಿಯಲಿಲ್ಲ.

ಕಣ್ಣಿನ ಕ್ಯಾಮೆರಾ ತಂದಿದ್ದ ಹುಡುಗಿಯ ಹೆಸರು ಜ್ಯೋತಿಲಕ್ಷ್ಮಿ. ಕೂಸಿನ ಕಣ್ಣಿಗೆ ಹನಿ ಹಾಕಿದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಳು. ಆಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆಗಳನ್ನು ಸಣ್ಣ ತಂತಿಯಿಂದ ಬಿಡಿಸಿ ಹಿಡಿದು, ಪೆನ್ನಿನಂಥ ಕ್ಯಾಮೆರಾವನ್ನು ಕಣ್ಣಿಗೆ ತಾಗಿಸಿದಳು. ಕೂಸು ಕಿರುಚಿತು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಚಿಕ್ಕೀರಪ್ಪ ಎಣಿಸಿರಲಿಲ್ಲ. ಫೋಟೊಗಳನ್ನು ಅವಳು ಅಲ್ಲಿಂದಲೇ ದಾವಣಗೆರೆಯ ಕಣ್ಣಿನ ಡಾಕ್ಟರಿಗೆ ಕಳಿಸಿ, ಫೋನಿನಲ್ಲಿ ಮಾತಾಡಿ, ಇವರ ಕಡೆಗೆ ತಿರುಗಿದಳು.

"ತಾತ, ಇಲ್ಲಿ ಬರ್ರಿ. ಫೋಟೊ ತೋರಿಸ್ತೀನಿ, ನಿಮಗೂ ಅರ್ಥ ಆಗ್ಲಿ. ಕಾಣ್ತೈತಾ?"

ಚಿಕ್ಕೀರಪ್ಪ ಬೆಳಕಿದ್ದ ಕಡೆ ಮುಖ ಮಾಡಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದ. "ಹೂಂ. ಚೆನ್ನಾಗಿ ಕಾಣ್ತೈತೆ. ಏನೂ ತೊಂದ್ರೆ ಇಲ್ಲ ಇವ್ನಿಗೆ."

ಜ್ಯೋತಿಲಕ್ಷ್ಮಿ ಮೆಲ್ಲಗೆ, "ತಾತ, ಅದು ಕಿಟಕಿ" ಅಂದಳು. "ಫೋಟೊ ಈ ಕಡೆ ಐತೆ."

ಚಿಕ್ಕೀರಪ್ಪನ ಕಿವಿ ಬಿಸಿಯಾದವು. ಎದ್ದು ಹೋಗೋಣವೆಂದರೆ ಬಾಗಿಲು ಯಾವ ಕಡೆಗಿದೆಯೆಂದು ಆ ಹೊತ್ತಿಗೆ ತೋಚಲಿಲ್ಲ. ಮಾಲತಿ ಅವನ ತೋಳು ಹಿಡಿದು ಕೂರಿಸಿದಳು.

"ಕೂತ್ಕಳ್ರಿ ಮಾವ. ನಮಗೆಲ್ಲ ಗೊತ್ತೈತೆ."

"ಎಲ್ಲಾರ್ಗೂ?"

"ಎಲ್ಲಾರ್ಗೂ. ನಾಯಿಗೂ."

ಜ್ಯೋತಿಲಕ್ಷ್ಮಿ ಕುರ್ಚಿ ಹತ್ತಿರ ಎಳೆದುಕೊಂಡು ಬಾಯಲ್ಲೇ ಹೇಳತೊಡಗಿದಳು. ಕಣ್ಣಿನ ಹಿಂದುಗಡೆ ಒಂದು ಪರದೆ ಇರುತ್ತದೆ. ರಕ್ತನಾಳಗಳು ನಡುವಿನಿಂದ ಹೊರಟು ಅದರ ಅಂಚಿನವರೆಗೂ ಹಬ್ಬಬೇಕು. ಈ ಕೂಸಿನಲ್ಲಿ ಅರ್ಧಕ್ಕೇ ನಿಂತುಬಿಟ್ಟಿವೆ. ನಿಂತ ಕಡೆ ದಿಂಡು ಕಟ್ಟಿದೆ. ಈಗ ಅಲ್ಲಿಂದ ಅಡ್ಡಾದಿಡ್ಡಿ ಮೇಲಕ್ಕೆ ಬೆಳೆಯುತ್ತಿವೆ. ಹಾಗೇ ಬಿಟ್ಟರೆ ಪರದೆಯನ್ನೇ ಜಗ್ಗಿ ಕಿತ್ತುಬಿಡುತ್ತವೆ.

ಚಿಕ್ಕೀರಪ್ಪ ತಲೆ ತಗ್ಗಿಸಿ ಕೇಳಿದ. ಕೇಳಿ, "ಕಾವಲಿಗೆ ಗೋಡೆ ಹಾಕ್ದಂಗೆ" ಅಂದ.

"ಅಂದ್ರೆ?"

"ಕುರಿ ಜಾಡು ಇರ್ತಾವಲ್ಲಮ್ಮ, ಊರಿಂದ ಹೊಂಟು ಕಾವಲು ತುಂಬ ಹಬ್ಬಿರ್ತಾವೆ. ನಡುವೆ ಗೋಡೆ ಬಂತು ಅನ್ನು. ಆಚೆಗೆ ಹೋಗಂಗಿಲ್ಲ. ಕುರಿ ಸುಮ್ನಿರ್ತಾವಾ? ಗೋಡೆ ಬುಡದಾಗೆ ಸುತ್ತಿ ಸುತ್ತಿ ನೆಲನೆಲ್ಲ ಕೆದರಿ ಹಾಳು ಮಾಡ್ತಾವೆ."

"ಹಂಗೇ ತಾತ" ಎಂದಳು ಅವಳು. "ದಾವಣಗೆರೆಗೆ ಹೋದ್ರೆ ಲೇಸರ್ ಬಿಡ್ತಾರೆ. ಬೆಳಕಿಂದ ಅಲ್ಲಲ್ಲಿ ಸುಟ್ಟು, ಆ ನಾಳಗಳ ಹುಚ್ಚಾಟ ನಿಲ್ಲಿಸ್ತಾರೆ. ಖರ್ಚಿನ ಚಿಂತೆ ಬೇಡ. ಆದ್ರೆ ನಾಳೆ, ಇಲ್ಲಾ ನಾಡಿದ್ದು. ಅದರ ಮೇಲೆ ತಡ ಮಾಡಂಗಿಲ್ಲ."

"ಮಾಡ್ಲಿಲ್ಲ ಅಂದ್ರೆ ಇವ್ನಿಗೆ ನನ್ನಷ್ಟಾದ್ರೂ ಕಾಣ್ತೈತಾ?"

"ಇಲ್ಲ ತಾತ. ಬೆಳಕು ಕತ್ತಲೆನೂ ಗೊತ್ತಾಗಲ್ಲ. ನಿಮ್ದು ಬರೀ ಪೊರೆ, ನೋಡಿದ್ರೇ ತಿಳೀತೈತೆ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷ ತೆಗೆಸಿದ್ರೂ ಆಗ್ತೈತೆ. ಇವನ್ದು ಹಂಗಲ್ಲ."

ಇಷ್ಟು ವರ್ಷ ಹೆದರಿ ಮುಚ್ಚಿಟ್ಟುಕೊಂಡ ತನ್ನ ಕಣ್ಣಿಗೆ ಇಷ್ಟೊಂದು ಕಾಲಾವಕಾಶವಿತ್ತು. ಏನೂ ಅರಿಯದ, ಹುಟ್ಟಿ ತಿಂಗಳಾಗದ ಈ ಕೂಸಿಗೆ ಇರಲಿಲ್ಲ. ಚಿಕ್ಕೀರಪ್ಪನಿಗೆ ಕಾವಲಿನ ಬೆಳಗುಗಳು ನೆನಪಾದವು. ಕಣ್ಣು ತೆರೆದರೆ ಎಲ್ಲ ಹಾಲು ಹಾಲು, ಎಲ್ಲಿ ಹೆಜ್ಜೆಯಿಟ್ಟರೆ ಎಲ್ಲಿ ಹಳ್ಳವೋ. ನಾಯಿ ಸ್ವಲ್ಪ ದೂರ ಹೋದರೂ ಎದೆ ಧಸಕ್ಕನ್ನುವುದು. ಹಾಗೆಂದು ಯಾರಲ್ಲೂ ಹೇಳುವಂತಿಲ್ಲ. ಅದಾದರೂ ಅವನಿಗೆ ಒಂದು ಆಯುಷ್ಯದಷ್ಟು ನೋಡಿಯಾದ ಮೇಲೆ ಬಂದದ್ದು.

ನಾಗಭೂಷಣನ ಒಪ್ಪಿಗೆ ಬೇಕಿತ್ತು. ಕ್ಯಾಂಪಸ್ಸಿನ ಗೇಟಿನಲ್ಲಿ ಫೋನು ಇಟ್ಟೇ ಒಳಗೆ ಹೋಗಬೇಕಾದ್ದರಿಂದ ಊಟದ ಬಿಡುವಿನ ತನಕ ಕಾದರು. ಮಾಲತಿ ಎಲ್ಲ ಹೇಳಿದಳು. ಆ ಕಡೆಯಿಂದ ತೊದಲು ದನಿ: "ಲೇಸರ್ರಾ? ಅಷ್ಟು ಸಣ್ಣ ಕೂಸಿಗಾ? ಅವ್ವ ಏನಂತಾಳೋ... ಮುಂದಿನ ವಾರ ನೋಡಾಣೇನು? ಅಪ್ಪಯ್ಯ ಏನಂದ? ಅಪ್ಪಯ್ಯಂಗೆ ಕೊಡು."

ಚಿಕ್ಕೀರಪ್ಪ ಫೋನು ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ.

"ಲೇ ನಾಗ, ಕೇಳಿಲ್ಲಿ. ಫೋಟೊ ನಾನೇ ನೋಡ್ದೆ. ಈ ಕಣ್ಣಾರೆ ನೋಡ್ದೆ. ಒಳಗೆ ಗೋಡೆ ಕಟ್ಟೈತೆ ಕಣ್ಲಾ, ಅದರ ಬುಡದಾಗೆ ಕೆಂಪಗೆ ಕೆದರೈತೆ. ಭಾಳ ಕೆಟ್ಟೈತೆ. ನಾನು ನೋಡಿದ್ದು ಯಾವತ್ತಾದ್ರೂ ಸುಳ್ಳಾಗೈತಾ?"

"ಇಲ್ಲಪ್ಪಯ್ಯ."

"ಹಂಗಾದ್ರೆ ನಾವು ಈಗ್ಲೇ ದಾವಣಗೆರೆ ಬಸ್ ಹತ್ತೀವಿ. ನೀನು ರಜ ಹಾಕಿ ಬಾ."

ಮಾಲತಿ ಅವನ ಮುಖ ನೋಡಿದಳು. ಜ್ಯೋತಿಲಕ್ಷ್ಮಿ ಮಾಲತಿಯ ಮುಖ ನೋಡಿದಳು.

ಕುರಿಮರಿಯನ್ನು ಕಾಟಪ್ಪನಿಗೆ ಒಪ್ಪಿಸಿ ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸಿಗೆ ಹೊತ್ತಿತ್ತು. ಚಿಕ್ಕೀರಪ್ಪ ಸೊಸೆಯನ್ನು ಪಕ್ಕದ ಖಾನಾವಳಿಗೆ ಕರೆದುಕೊಂಡು ಹೋಗಿ, "ಮುದ್ದೆ ಹಾಕ್ರಿ, ಸೊಪ್ಪಿನ ಸಾರು ಹಾಕ್ರಿ, ಮೊಟ್ಟೆ ಬೇಯಿಸಿದ್ದು ಎರಡು ಕೊಡ್ರಿ, ಮಜ್ಜಿಗೆ ಇಡ್ರಿ" ಎಂದು ಹೇಳಿದ. ಮಾಲತಿ ಮೊದಲು ಅನುಮಾನದಿಂದ ಮುಟ್ಟಿದಳು. ಆಮೇಲೆ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವಳು ತಿನ್ನುವ ಸದ್ದನ್ನು ಕೇಳುತ್ತ ಕೂತ. ಎರಡನೇ ಮುದ್ದೆ ಅವಳು ಕೇಳದೆಯೇ ತರಿಸಿದ.

ದಾವಣಗೆರೆಯಲ್ಲಿ ಮರುದಿನ ಲೇಸರ್ ಆಯಿತು. ನಾಗಭೂಷಣನೂ ಬಂದು ಕೂಡಿಕೊಂಡಿದ್ದ. ಕೂಸನ್ನು ಒಳಗೆ ಒಯ್ದಾಗ ಮೂವರೂ ಬೆಂಚಿನ ಮೇಲೆ ಒಂದೇ ಸಾಲಿನಲ್ಲಿ ಕೂತರು. ಒಳಗಿನಿಂದ ಅಳು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ನಿಂತಾಗ ಹೆಚ್ಚು ಭಯವಾಗುತ್ತಿತ್ತು. ಡಾಕ್ಟರಮ್ಮ ಹೊರಬಂದು, "ಸರಿಯಾದ ಸಮಯಕ್ಕೆ ತಂದಿದ್ದೀರಿ. ಇನ್ನು ಹೇಳಿದ ದಿನ ತಪ್ಪದೆ ಬಂದು ತೋರಿಸಬೇಕು, ತೂಕ ಏರಬೇಕು" ಅಂದರು. ಚಿಕ್ಕೀರಪ್ಪ ಕೈಮುಗಿದ. ಮುಗಿದದ್ದು ಅವರ ಪಕ್ಕದಲ್ಲಿದ್ದ ಕಂಬಕ್ಕೆ. ಡಾಕ್ಟರಮ್ಮ ಕಂಬದ ಕಡೆಗೆ ಒಂದು ಹೆಜ್ಜೆ ಸರಿದು ನಿಂತರು.

ಊರಿಗೆ ಬಂದಾಗ ಪಾಲಮ್ಮ ಬಾಗಿಲಲ್ಲೇ ಕಾದಿದ್ದಳು. ಬಾಣಂತಿ ಬಸ್ಸು ಹತ್ತಿದ್ದು, ಮೊಟ್ಟೆ ತಿಂದದ್ದು, ಎಲ್ಲ ಖಾನಾವಳಿಯವನನ್ನು ವಿಚಾರಿಸಿಕೊಂಡು ಬಂದ ಕಾಟಪ್ಪನ ಬಾಯಿಂದ ಮುಂಚೆಯೇ ಬಂದು ತಲುಪಿತ್ತು. ಕುರಿಮರಿ ಡಾಕ್ಟರಿಲ್ಲದೆಯೇ, ಆಟೊ ಕುಲುಕಿದ ಕುಲುಕಿಗೆ ಹೊಟ್ಟೆಯುಬ್ಬರ ಇಳಿದು, ಅಂಗಳದಲ್ಲಿ ಕುಣಿಯುತ್ತಿತ್ತು.

"ಮರಿಗೇ ಡಾಕ್ಟ್ರು ಬೇಕಾಗ್ಲಿಲ್ಲ, ನಿಮಗ್ಯಾಕೆ ಬೇಕಾಗಿತ್ತು?" ಎಂದು ಪಾಲಮ್ಮ ಶುರು ಮಾಡಿದಳು.

"ಸುಮ್ನಿರೇ. ನೀನು ಫೋಟೊ ನೋಡಿದ್ಯಾ? ನಾನು ನೋಡೀನಿ" ಅಂದ ಚಿಕ್ಕೀರಪ್ಪ.

ಆ ದಿನದಿಂದ ಆ ಮನೆಯಲ್ಲಿ ಫೋಟೊದ ಮುಂದೆ ಬೇರೆ ಮಾತಿಲ್ಲದಂತಾಯಿತು. ಬಾಣಂತಿಗೆ ಸೊಪ್ಪು ಕೊಡಬೇಕು, ಯಾಕೆಂದರೆ ಫೋಟೊದಲ್ಲಿ ಕಂಡಿತ್ತು. ಹಾಲು, ಮೊಟ್ಟೆ, ಕಾಳು ಕೊಡಬೇಕು, ಫೋಟೊದಲ್ಲಿ ಕಂಡಿತ್ತು. ನೀರು ಕೇಳಿದಷ್ಟು ಕೊಡಬೇಕು. ಬಟ್ಟೆ ಬಿಚ್ಚಿ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಬೇಕು. ಇಷ್ಟೆಲ್ಲ ಒಂದು ಕಣ್ಣಿನ ಫೋಟೊದಲ್ಲಿ ಹೇಗೆ ಕಂಡಿತೆಂದು ಪಾಲಮ್ಮ ಕೇಳಿದಳು. "ಕಾಣೋ ಕಣ್ಣಿರ್ಬೇಕು" ಎಂದು ಉತ್ತರ ಬಂತು. ಪಾಲಮ್ಮ ಗೊಣಗುತ್ತಲೇ ಹುರುಳಿ ಸಾರು ಮಾಡಿದಳು. ಗೊಣಗುತ್ತಲೇ ದಿನವೂ ಸ್ವಲ್ಪ ಹೆಚ್ಚು ಬಡಿಸಿದಳು. ಗೀತಮ್ಮನ ತಕ್ಕಡಿಯ ಮುಳ್ಳು ಮೇಲೇರಿದ ದಿನ, "ನನ್ನ ಕೈಯಡುಗೆ" ಎಂದು ಅವಳೇ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಇತ್ತ ಅರಳಿಕಟ್ಟೆಯ ಮೇಲೆ ಫೋಟೊ ದಿನದಿಂದ ದಿನಕ್ಕೆ ಬೆಳೆಯಿತು. ಮೊದಲು ಅದರಲ್ಲಿ ಗೋಡೆಯಷ್ಟೇ ಇತ್ತು. ಆಮೇಲೆ ಜಾಡುಗಳು ಬಂದವು, ಹಳ್ಳ ಬಂತು, ಗೇಟು ಬಂತು. ದಾವಣಗೆರೆಯ ಡಾಕ್ಟರು ಲೇಸರನ್ನು ಎಲ್ಲಿ ಬಿಡಬೇಕೆಂದು ಚಿಕ್ಕೀರಪ್ಪನನ್ನೇ ಕೇಳಿದರು ಎಂಬಲ್ಲಿಗೆ ಬಂದಾಗ, ಕಾಟಪ್ಪ ಎದ್ದು ಮೂತ್ರಕ್ಕೆ ಹೋದ. ಅವನೊಬ್ಬನಿಗೆ ಮಾಲತಿ ಕಿಟಕಿಯ ಕಥೆ ಹೇಳಿದ್ದಳು.

ಆದರೆ ಚಿಕ್ಕೀರಪ್ಪ ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಿದ್ದ. ಪೊರೆ ತೆಗೆಸಿದರೆ ಕಾಣುತ್ತದೆ ಎಂದು ಜ್ಯೋತಿಲಕ್ಷ್ಮಿ ಹೇಳಿದ ಮೇಲೆ ಅವನಿಗೆ ಒಳಗೊಳಗೇ ಆಸೆ ಹುಟ್ಟಿತ್ತು. ಕೂಸಿನ ಮುಖ ನೋಡಬೇಕು. ತೆಗೆಸಲು ಹೋದರೆ ಮಾತ್ರ, ಮುಂಚೆ ಕಾಣುತ್ತಿರಲಿಲ್ಲ ಎಂದು ಎಲ್ಲರೆದುರು ಬಾಯಿಬಿಟ್ಟು ಒಪ್ಪಿಕೊಂಡಂತೆ. ಕಾಣುತ್ತಿರಲಿಲ್ಲ ಎಂದರೆ ಫೋಟೊ ಸುಳ್ಳು. ಫೋಟೊ ಸುಳ್ಳೆಂದರೆ ಮೊಟ್ಟೆಯೂ ಸುಳ್ಳು, ಸೊಪ್ಪೂ ಸುಳ್ಳು, ಮುಂದಿನ ತಪಾಸಣೆಯೂ ಸುಳ್ಳು. ಹೀಗೆ ಯೋಚಿಸುತ್ತಲೇ ಅವನು ಒಂದು ದಿನ ಕಾವಲಿನ ಗೋಡೆಯ ಪಕ್ಕದ ಚರಂಡಿಗೆ ಬಿದ್ದು ಮೊಣಕಾಲು ಒಡೆದುಕೊಂಡ. ನಾಯಿ ಬೊಗಳಿ ಜನ ಸೇರಿಸಿತು.

ಅರಿಸಿನ ಹಚ್ಚುತ್ತ ಕೂತಿದ್ದ ಮಾಲತಿ, ಅತ್ತೆ, ಗಂಡ, ನೋಡಲು ಬಂದಿದ್ದ ನೆರೆಯವರು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮಾವ, ಆ ಕ್ಯಾಮೆರಾ ಹುಡುಗಿ ಅವತ್ತೇ ಹೇಳಿದ್ಲು, ನಾನೇ ನಿಮಗೆ ಹೇಳ್ಲಿಲ್ಲ. ಅಂಥ ಬೆಳಕಿನ ಫೋಟೊನ ಅಷ್ಟು ಹೊತ್ತು ಬಿಟ್ಟ ಕಣ್ಣಲ್ಲಿ ನೋಡಿದ್ರೆ ವಯಸ್ಸಾದೋರಿಗೆ ಪೊರೆ ಬರ್ತೈತಂತೆ. ನೀವು ನಮ್ಮ ಕೂಸಿಗೋಸ್ಕರ ನೋಡೇ ನೋಡಿದ್ರಿ. ಅದರಿಂದ್ಲೇ ಹಿಂಗಾಗೈತೆ."

ಎಲ್ಲರೂ ಚಿಕ್ಕೀರಪ್ಪನ ಕಡೆಗೆ ತಿರುಗಿದರು. ಅವನು ಸೊಸೆಯ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದ.

"ನಂಗೂ ಅವತ್ತೇ ಅನುಮಾನ ಬಂದಿತ್ತು ಕಣಮ್ಮ" ಎಂದ. "ಮೊಮ್ಮಗನ ಮುಂದೆ ಕಣ್ಣೇನು ದೊಡ್ಡದು ಅಂತ ಸುಮ್ನಾದೆ."

ನೆರೆಯ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಟಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದ.

ಕೆಲವು ತಿಂಗಳು ಕಳೆದು ಕೂಸಿನ ಇನ್ನೊಂದು ತಪಾಸಣೆಗೆ ದಾವಣಗೆರೆಗೆ ಹೋದಾಗಲೇ ಚಿಕ್ಕೀರಪ್ಪನ ಒಂದು ಕಣ್ಣಿನ ಪೊರೆಯನ್ನೂ ತೆಗೆದರು. ಕೂಸಿನ ಕಣ್ಣೊಳಗೆ ನಾಳಗಳ ಹುಚ್ಚು ಬೆಳವಣಿಗೆ ನಿಂತಿದೆ, ದೊಡ್ಡವನಾಗುತ್ತ ಕನ್ನಡಕ ಬೇಕಾದೀತು, ನೋಟಕ್ಕೆ ಭಯವಿಲ್ಲ ಎಂದರು. ಅಷ್ಟು ಹೊತ್ತಿಗೆ ಕೂಸು ಕೆನ್ನೆ ತುಂಬಿಕೊಂಡು, ತೊಡೆಯಲ್ಲಿ ಮಡಿಕೆ ಬಿದ್ದು, ಬಟ್ಟೆ ಸುತ್ತದಿದ್ದರೂ ಕೈಗೆ ತೂಕ ಹತ್ತುವಂತಾಗಿತ್ತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ಕಣ್ಣಿಗೆ ಅಗಲವಾದ ಕಪ್ಪು ಕನ್ನಡಕ ಹಾಕಿ ಕಳಿಸಿದರು. ಚಿಕ್ಕೀರಪ್ಪ ವಾರ್ಡಿನ ಹೊರಗೆ ಬಂದು ನಿಂತ. ಗೋಡೆಗೆ ಅಂಚಿತ್ತು. ಬಾಗಿಲಿಗೆ ಚಿಲಕವಿತ್ತು. ಬೆಂಚಿನ ಮೇಲೆ ಒಬ್ಬ ಸಣ್ಣ ಹೆಂಗಸು ಕೂತಿದ್ದಳು, ದನಿಯಿಂದ ಅವನು ಎಣಿಸಿಕೊಂಡದ್ದಕ್ಕಿಂತ ಬಹಳ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು, ಮುಖದ ತುಂಬ ನಗು. ಅವಳ ತೊಡೆಯ ಮೇಲೆ ಒಂದು ಕೂಸು. ಅದು ಕತ್ತು ತಿರುಗಿಸಿತು. ಅವನನ್ನು ನೋಡಿತು. ಮುದುಕನ ಬಿಳಿ ಗಡ್ಡದಿಂದ ಮೇಲಕ್ಕೆ ಕಣ್ಣು ಹಾಯಿಸಿ, ಆ ಎರಡು ಕರಿ ಗಾಜುಗಳ ಮೇಲೆ ನಿಲ್ಲಿಸಿ, ತುಟಿ ಸೊಟ್ಟ ಮಾಡಿ, ಆಸ್ಪತ್ರೆಯೇ ಹಾರಿಹೋಗುವಂತೆ ಕಿರುಚಿಕೊಂಡಿತು.

"ಅಯ್ಯೋ, ಹೆದರ್ಕೊಂಡ ನಿಮ್ಮನ್ನ ನೋಡಿ" ಎಂದು ಮಾಲತಿ ಕೂಸನ್ನು ಎದೆಗಪ್ಪಿಕೊಂಡಳು.

"ನೋಡಿ ಅತ್ತನಾ? ನನ್ನ ನೋಡಿನೇ ಅತ್ತನಾ?" ಚಿಕ್ಕೀರಪ್ಪನ ಮುಖ ಅರಳಿತು. ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ, ಅದು ಸರಿಯಾಗಿ ನೋಡಲೆಂದು ಮುಖ ಬಗ್ಗಿಸಿದ. ಕೂಸು ಇನ್ನೂ ಜೋರಾಗಿ ಅತ್ತಿತು.